ಎಡ ಹೆಗಲಿನ ಹತ್ತಿ

ನಮ್ಮವರನ್ನು ಕೆಲಸದ ಜಾಗದಲ್ಲಿ ಎಲ್ಲರೂ ಕಲ್ಲಣ್ಣ ಅನ್ನುತ್ತಾರೆ. ಕಲ್ಲಿನಂಥ ಮನುಷ್ಯ ಅಂತಲ್ಲ, ಸ್ವಲ್ಪ ಜೋರಾಗಿ ಬೈದರೆ ಎರಡು ದಿನ ಮುಖ ಸಪ್ಪೆ ಮಾಡಿಕೊಂಡು ಓಡಾಡುವ ಪ್ರಾಣಿ ಅದು. ಚಿತ್ರಗಳಲ್ಲಿ ಕಲ್ಲು ಬರೆಯುತ್ತಾರೆ, ಅದಕ್ಕೆ ಆ ಹೆಸರು. ಆಸ್ಪತ್ರೆ, ಬ್ಯಾಂಕು, ಹೋಟೆಲುಗಳ ಗೋಡೆಗೆ ಆಳೆತ್ತರದ ಚಿತ್ರ ಮಾಡಿಕೊಡುವ ಕಾರ್ಖಾನೆ ಅವರದು. ಅಲ್ಲಿ ಒಂದು ಚಿತ್ರವನ್ನು ಒಬ್ಬರೇ ಬರೆಯುವ ಪದ್ಧತಿ ಇಲ್ಲ. ಆಕಾಶ ಕಾರ್ಖಾನೆಯ ಯಜಮಾನರದು. ನೆಲ, ದಾರಿ, ಬಂಡೆ ನಮ್ಮವರದು. ಮನುಷ್ಯರೇನಾದರೂ ಬಂದರೆ ಅದು ಅಲ್ಲೇ ಕೆಲಸ ಮಾಡುವ ಗೊಂಬೆಯಮ್ಮನ ಪಾಲು. ಚಿತ್ರದೊಳಗಿನ ಮನುಷ್ಯರಿಗೆ ಅವರು ಗೊಂಬೆ ಅನ್ನುವುದು. ಒಬ್ಬರ ಪಾಲಿನ ಮೇಲೆ ಇನ್ನೊಬ್ಬರು ಕುಂಚ ಇಡುವ ಹಾಗಿಲ್ಲ.

ನಾನು ಬಟ್ಟೆ ಹೊಲಿಯುವವಳು. ಮುಂದಿನ ಕೋಣೆಯಲ್ಲಿ ಕಿಟಕಿಗೆ ತಾಗಿದಂತೆ ನನ್ನ ಮಿಷನ್ನಿದೆ. ಬೀದಿಯಲ್ಲಿ ಹೋಗುವವರ ಬೆನ್ನು ನೋಡಿದರೆ ಸಾಕು, ಬಟ್ಟೆ ಎಷ್ಟು ಬೇಕು ಎಂದು ಹೇಳಿಬಿಡುತ್ತೇನೆ. ನಮ್ಮವರ ಎಡ ಹೆಗಲು ಬಲಕ್ಕಿಂತ ತಗ್ಗು. ಬಣ್ಣದ ಕೆಲಸಕ್ಕೆ ಬರುವ ಮೊದಲು ಅವರು ಕಲ್ಲಿನ ಗಣಿಯಲ್ಲಿ ಹೊರುತ್ತಿದ್ದರು, ಮೀಸೆ ಮೂಡುವ ಮುಂಚಿನಿಂದಲೇ. ಅಪ್ಪ ತೀರಿಹೋದ ಮನೆ, ತಂಗಿಯರಿಬ್ಬರು, ಹೊರದೆ ಏನು ಮಾಡುತ್ತಾರೆ. ಮದುವೆಯ ಫೋಟೋ ನೋಡಿ ನನ್ನ ಚಿಕ್ಕಮ್ಮನ ಮಗಳು, ಭಾವ ಯಾರ ಗುಟ್ಟು ಕೇಳಿಸಿಕೊಳ್ಳೋಕೆ ಬಗ್ಗಿದ್ದಾರೆ ಎಂದು ಕಿಸಕ್ಕನೆ ನಕ್ಕಳು. ಅವತ್ತೇ ನಾನು ಹಟ ಹಿಡಿದೆ. ಅವರ ಪ್ರತಿಯೊಂದು ಅಂಗಿಗೂ ಎಡ ಹೆಗಲಲ್ಲಿ ಒಳಗಿನಿಂದ ಹತ್ತಿಯ ಒಂದು ದಿಂಡು ಇಟ್ಟು ಹೊಲಿದೆ. ಹೊರಗೆ ಯಾರಿಗೂ ಗೊತ್ತಾಗುವುದಿಲ್ಲ. ಆ ಹೆಗಲು ಹೇಗಿದೆ ಎಂದು ಲೋಕದಲ್ಲಿ ಬಲ್ಲವಳು ನಾನೊಬ್ಬಳೇ ಎಂದು ಇಷ್ಟು ವರ್ಷ ನೆಮ್ಮದಿಯಾಗಿದ್ದೆ.

ಆಗ ಬಂತು ಈ ಆಸ್ಪತ್ರೆಯ ಕೆಲಸ. ರೋಗಿಗಳು ಕಾಯುವ ಹೊಸ ಹಾಲಿಗೆ ಮೂರು ಚಿತ್ರ ಬೇಕು, ಮೂರರಲ್ಲೂ ಬದುಕು ಕಾಣಬೇಕು ಎಂದು ಅಲ್ಲಿನ ದೊಡ್ಡ ಡಾಕ್ಟರು ಹೇಳಿದ್ದರಂತೆ. ಬಾಲ್ಯಕ್ಕೆ ತೊರೆ, ಮುಪ್ಪಿಗೆ ಸಂಜೆಯ ಕಡಲು, ಅವೆರಡೂ ಸಲೀಸಾಗಿ ಮುಗಿದವು. ನಡುವಿನದೇ ತಲೆನೋವು. ದೊಡ್ಡವರಾದ ಮೇಲಿನ ಕಷ್ಟವನ್ನು ಬರೀ ಬೆಟ್ಟಗುಡ್ಡದಲ್ಲಿ ತೋರಿಸುವುದು ಹೇಗೆ? ಊಟಕ್ಕೆ ಕೂತಾಗ ನಮ್ಮವರು ನನ್ನನ್ನೂ ಕೇಳಿದರು, ನಡುವಯಸ್ಸು ಅಂದರೆ ನಿನಗೆ ಏನು ಕಾಣುತ್ತದೆ ಎಂದು. ಗ್ಯಾಸು ಮುಗಿದಿರೋದು ಕಾಣುತ್ತದೆ ಎಂದೆ. ನಕ್ಕರು.

ಮಾರನೆಯ ದಿನ ಬಂದವರ ಮುಖ ಅರಳಿತ್ತು. ಗೊಂಬೆಯಮ್ಮ ಒಂದು ಮಾತು ಹೇಳಿದಳಂತೆ. ಏರು ದಾರಿ ಇರಬೇಕು, ತುದಿ ಮೋಡದಲ್ಲಿ ಮುಚ್ಚಿರಬೇಕು, ಹೊರಟ ಜಾಗವೂ ಕಾಣಬಾರದು, ನಡುವೆ ದಾರಿ ಕುಸಿದಿರಬೇಕು. ಎಂಥ ಮಾತು ಹೇಳಿದಳು ನೋಡು ಎಂದು ಎರಡೆರಡು ಸಲ ಅಂದರು. ನಾನೂ ಮಾತು ಬಲ್ಲವಳೇ, ದಿನವಿಡೀ ಗಿರಾಕಿಗಳ ಹತ್ತಿರ ಆಡುತ್ತೇನೆ. ಆಮೇಲೆ ಇದೇ ಪಾಡಾಯಿತು. ಗೊಂಬೆಯಮ್ಮ ಹಾಗಂದಳು, ಗೊಂಬೆಯಮ್ಮ ಹೀಗಂದಳು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ನಾನು ಪಾತ್ರೆಗಳನ್ನು ಕುಕ್ಕುತ್ತಿದ್ದೆ. ಅವರಿಗೆ ಅದೂ ತಿಳಿಯಲಿಲ್ಲ.

ಚಿತ್ರ ನೇತುಹಾಕುವ ದಿನ ಮನೆಯವರನ್ನೂ ಕರೆದಿದ್ದರು. ನಾನು ಹೊಸ ಸೀರೆ ಉಟ್ಟುಕೊಂಡು ಹೋದೆ. ಉದ್ದನೆಯ ಹಾಲು, ಗೋಡೆಗೆ ಅಂಟಿಸಿದ ಬೆಂಚುಗಳು, ಫಿನಾಯಿಲಿನ ವಾಸನೆ. ನಡುವಿನ ಗೋಡೆಯ ತುಂಬ ಆ ಚಿತ್ರ. ನಮ್ಮವರ ಬಂಡೆಗಳನ್ನು ನೋಡಿ ನನಗೇ ಕಾಲು ನೋವು ಬಂದಂತಾಯಿತು, ಅಷ್ಟು ನಿಜವಾಗಿದ್ದವು. ಗಾಳಿಗೆ ಒಂದೇ ಕಡೆ ಎಲೆ ಉಳಿದ ಕುರುಚಲು ಮರ, ಕುಸಿದು ಬಾಯಿಬಿಟ್ಟ ದಾರಿ. ಆ ಬಾಯಿಯ ಈಚೆ ದಡದಲ್ಲಿ ಗಂಟು ಹೊತ್ತು, ಒಂದು ಕಾಲೆತ್ತಿ, ನಮಗೆ ಬೆನ್ನು ತೋರಿಸಿ ನಿಂತ ಒಬ್ಬನೇ ಒಬ್ಬ ಮನುಷ್ಯ.

ಅವನ ಎಡ ಹೆಗಲು ತಗ್ಗಿತ್ತು.

ಎಷ್ಟು ತಗ್ಗಬೇಕೋ ಅಷ್ಟೇ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಕುತ್ತಿಗೆಯ ಹತ್ತಿರ ಗಂಟು ಕಟ್ಟಿದಂತೆ ಎದ್ದಿರುವ ಮಾಂಸವೂ ಅಲ್ಲಿತ್ತು. ಅಂಗಿ ತೊಟ್ಟಿದ್ದರೆ ಅದು ಕಾಣುವುದೇ ಇಲ್ಲ. ಅಂದರೆ ಅವಳು ಇವರನ್ನು ಅಂಗಿಯಿಲ್ಲದೆ ನೋಡಿದ್ದಾಳೆ. ಮೈಯೆಲ್ಲ ಉರಿದುಹೋಯಿತು. ಸುತ್ತಲಿನವರು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮನೆಗೆ ಬರುವಾಗ ದಾರಿಯುದ್ದಕ್ಕೂ ಅವರಿಗಿಂತ ಮುಂದೆ ನಡೆದೆ. ಚಿತ್ರ ಹೇಗಿದೆ ಎಂದು ಕೇಳಿದ್ದಕ್ಕೆ, ಕಲ್ಲು ಚೆನ್ನಾಗಿವೆ ಎಂದೆ.

ಮಾರನೆಯ ದಿನ ಅವರ ಊಟದ ಡಬ್ಬಿಯನ್ನು ನಾನೇ ಬೇಕೆಂದು ಮಿಷನ್ನಿನ ಹಿಂದೆ ಅಡಗಿಸಿಟ್ಟೆ. ಮರೆತು ಹೋದಿರಲ್ಲ ಎಂಬ ನೆಪ ಹಿಡಿದು ಮಧ್ಯಾಹ್ನ ಕಾರ್ಖಾನೆಗೆ ಹೊರಟೆ. ಮದುವೆಯಾದ ಇಷ್ಟು ಕಾಲದಲ್ಲಿ ಆ ಬಾಗಿಲು ತುಳಿದದ್ದು ಅದೇ ಮೊದಲು.

ಒಳಗೆ ಕಾಲಿಟ್ಟ ಕೂಡಲೆ ಕಂಡದ್ದು ನಾನು ಹೊಲಿದ ಅಂಗಿ. ಬಾಗಿಲ ಪಕ್ಕದ ಮೊಳೆಗೆ, ಬಣ್ಣ ಸಿಡಿಯದ ಹಾಗೆ ಕಾಗದ ಮುಚ್ಚಿ, ನೇತುಹಾಕಿದ್ದರು. ನಮ್ಮವರು ದೊಡ್ಡದೊಂದು ಕ್ಯಾನ್ವಾಸಿನ ಮುಂದೆ ಹಳೆಯ ಬನಿಯನ್ನಿನಲ್ಲಿ ನಿಂತಿದ್ದರು, ಹೆಗಲು ಹೇಗಿದೆಯೋ ಹಾಗೇ ಬಿಟ್ಟುಕೊಂಡು, ಏನೋ ಗುನುಗುತ್ತ. ಮನೆಯಲ್ಲಿ ಅವರು ಗುನುಗುವುದಿಲ್ಲ. ನಾಲ್ಕು ಮಾರು ಹಿಂದೆ ಸ್ಟೂಲಿನ ಮೇಲೆ ಗೊಂಬೆಯಮ್ಮ ಕೂತಿದ್ದಳು. ನೆಲ ಮುಗಿಯುವ ತನಕ ಗೊಂಬೆಗೆ ಜಾಗ ಗೊತ್ತಾಗುವುದಿಲ್ಲವಲ್ಲ, ಅದಕ್ಕೆ ಕಾಯುವುದೇ ಅವಳ ಕೆಲಸ. ಸುಂದರಿಯಾಗಿದ್ದರೆ ನನಗೆ ಸಮಾಧಾನವಾದರೂ ಆಗುತ್ತಿತ್ತು. ನರೆತ ತಲೆ, ದಾರ ಕಟ್ಟಿದ ಕನ್ನಡಕ, ಹಲ್ಲಲ್ಲಿ ಕಚ್ಚಿದ ಕುಂಚ. ನಮ್ಮವರು ಡಬ್ಬಿ ತೆಗೆದುಕೊಂಡು ಕೈ ತೊಳೆಯಲು ಹೋದಾಗ ನಾನು ಅವಳ ಹತ್ತಿರ ಹೋದೆ.

"ಆಸ್ಪತ್ರೆ ಚಿತ್ರದಲ್ಲಿ ಬೆನ್ನು ಚೆನ್ನಾಗಿ ಬರೆದಿದ್ದೀರಿ," ಎಂದೆ.

ಅವಳು ಕುಂಚ ತೆಗೆದು ನಕ್ಕಳು. "ದಿನಾ ಕಣ್ಣೆದುರಿಗೇ ಇರತ್ತಲ್ಲ. ಮುಖ ಬರಿ ಅಂದಿದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ."

ಎಷ್ಟು ನಿರ್ಮಲವಾಗಿ ಅಂದಳೆಂದರೆ ಜಗಳ ತೆಗೆಯಲೂ ದಾರಿ ಉಳಿಯಲಿಲ್ಲ. ಅದೇ ನನ್ನನ್ನು ಇನ್ನಷ್ಟು ಸುಟ್ಟಿತು. ಕದ್ದುಮುಚ್ಚಿ ನೋಡಿದ್ದರೆ ಜುಟ್ಟು ಹಿಡಿದು ಕೇಳಬಹುದಿತ್ತು. ಇವಳು ಹಾಡುಹಗಲೇ, ಎಲ್ಲರೆದುರು, ವರ್ಷಗಟ್ಟಲೆ ನೋಡಿದ್ದಾಳೆ. ನಾನು ಮುಚ್ಚಿಟ್ಟದ್ದನ್ನು ಅವಳು ಗೋಡೆಗೆ ಹಾಕಿದ್ದಾಳೆ, ಜನ ಚಪ್ಪಾಳೆ ತಟ್ಟಿದ್ದಾರೆ.

ಸಂಜೆ ಅವರು ಬಂದು ಎಂದಿನಂತೆ ಅಂಗಿ ತೊಟ್ಟೇ ಕುರ್ಚಿಯಲ್ಲಿ ಕೂತರು. ನಾನು ಮಿಷನ್ನು ನಿಲ್ಲಿಸಿದೆ. ಅಲ್ಲಿ ಬನಿಯನ್ನಿನಲ್ಲಿ ಇರುತ್ತೀರಲ್ಲ ಎಂದು ಕೇಳಿದೆ. ಬಣ್ಣ ಆಗುತ್ತದಲ್ಲ ಎಂದರು.

"ಮನೇಲಿ ಮಾತ್ರ ಮಲಗೋವರೆಗೂ ಅಂಗಿ ಬಿಚ್ಚಲ್ಲ. ಎಂಥ ಸೆಕೆ ಇದ್ರೂ ಬಿಚ್ಚಲ್ಲ. ನಾನೇನು ಹೊರಗಿನವಳಾ?"

ಅವರು ಬೆರಳಿಗೆ ಅಂಟಿದ್ದ ಬೂದು ಬಣ್ಣವನ್ನು ಕೆರೆದರು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದರು.

"ನಿಂಗೆ ಈ ಹೆಗಲು ನೋಡೋಕಾಗಲ್ಲ ಅಂದ್ಕೊಂಡಿದ್ದೆ. ಪ್ರತಿ ಅಂಗಿಗೂ ಅಷ್ಟು ಶ್ರದ್ಧೆಯಿಂದ ಹತ್ತಿ ಇಡ್ತೀಯಲ್ಲ. ಅದಕ್ಕೇ ಮನೇಲಿ ಹಾಕ್ಕೊಂಡೇ ಇರ್ತೀನಿ."

ಊರಿನವರು ಅವರನ್ನು ನೋಡಿ ನಗಬಾರದು ಎಂದು ನಾನು ಇಟ್ಟ ಹತ್ತಿ ಅದು. ಅದನ್ನು ಅವರು ಊರಿನವರೆದುರು ಮೊಳೆಗೆ ಹಾಕಿ, ನನ್ನೆದುರು ತೊಟ್ಟುಕೊಂಡು ಕೂತಿದ್ದರು. ಕಣ್ಣು ತುಂಬಿತು, ಅದರ ಜೊತೆಗೆ ಅವಳ ಮೇಲಿನ ಹೊಟ್ಟೆಕಿಚ್ಚೂ ಹಾಗೇ ಉರಿಯುತ್ತಿತ್ತು. ಒಂದು ಬಂದರೆ ಇನ್ನೊಂದು ಹೋಗಬೇಕಲ್ಲ, ಹೋಗಲಿಲ್ಲ.

ಕತ್ತರಿ ತೆಗೆದುಕೊಂಡು ಅವರ ಪಕ್ಕ ನಿಂತೆ. ಅಲ್ಲಾಡಬೇಡಿ ಎಂದೆ. ತೊಟ್ಟ ಅಂಗಿಯ ಕಾಲರಿನೊಳಗೆ ಕೈ ಹಾಕಿ ಹೊಲಿಗೆ ಬಿಡಿಸಿದೆ. ಬೆವರಿಗೆ ಗಟ್ಟಿಯಾಗಿ ಹಪ್ಪಳದಂತಾಗಿದ್ದ ಹತ್ತಿ ಕೈಗೆ ಬಂತು. ಬಟ್ಟೆ ಕುಸಿದು ಹೆಗಲಿನ ಮೇಲೆ ಕೂತಿತು.

ಎದ್ದು ಆ ಕಡೆ ತಿರುಗಿ ನಿಲ್ಲಿ ಎಂದೆ. ಗೋಡೆಯ ಕಡೆ ಮುಖ ಮಾಡಿ ನಿಂತರು. ನಾನು ಮಿಷನ್ನಿನ ಸ್ಟೂಲು ಎಳೆದುಕೊಂಡು ಹಿಂದೆ ಕೂತೆ.

ಸ್ವಲ್ಪ ಹೊತ್ತಾದ ಮೇಲೆ ಅವರು, "ಎಷ್ಟು ಹೊತ್ತು ನಿಲ್ಲಲಿ?" ಎಂದು ಕೇಳಿದರು.

"ಅವಳು ನೋಡಿದಷ್ಟು ಹೊತ್ತು," ಎಂದೆ.

ಅವರು ತಿರುಗಲಿಲ್ಲ, ಹಾಗೇ ನಿಂತರು.