ಇಲ್ಲದ ಕರ್ಫ್ಯೂಗೆ ಪಾಸ್

ಶ್ರೀನಗರದ ಹಳೆಪೇಟೆಯಲ್ಲಿ ಸೋನಾವುಲ್ಲಾ ವಾಜಾ ಎಂದರೆ ಬರೀ ಬಾಣಸಿಗನಲ್ಲ, ಸೇನಾಪತಿ. ತಾಮ್ರದ ಹಂಡೆಗಳು ಅವನ ಆನೆಗಳು, ಮಾಂಸ ಕುಟ್ಟುವ ಕೊಡತಿಗಳು ಗದೆಗಳು, ಸೌಟೇ ರಾಜದಂಡ. ಮದುವೆಮನೆಯ ಹೊಗೆಯಲ್ಲಿ ಅವನು ಸೊಂಟಕ್ಕೆ ಕೈಯಿಟ್ಟು ನಿಂತನೆಂದರೆ ಬೀಗರೂ ದನಿ ತಗ್ಗಿಸಿ ಮಾತಾಡುತ್ತಿದ್ದರು.

ಆ ಊರಿನಲ್ಲಿ ಕರ್ಫ್ಯೂ ಎಂಬ ಇಂಗ್ಲಿಷ್ ಪದದ ಅರ್ಥವನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮದುವೆ ಮುಂದಕ್ಕೆ ಹೋಯಿತೆ? ಕರ್ಫ್ಯೂ. ಅಳಿಯ ಹಬ್ಬಕ್ಕೆ ಬರಲಿಲ್ಲವೆ? ಪಾಪ, ಕರ್ಫ್ಯೂ ಇತ್ತಲ್ಲ. ಎಷ್ಟು ಮನೆಗಳ ಮಾನ ಕಾಪಾಡಿದ ಪದವದು! ಆ ವರ್ಷ ಸರ್ಕಾರ ಅದನ್ನೂ ಕಿತ್ತುಕೊಂಡಿತು. ಬೀದಿಗೆ ಮುಳ್ಳುತಂತಿ ಬಂತು, ಫೋನುಗಳು ಸತ್ತವು, ಅಂಗಡಿಗಳು ಕದ ಹಾಕಿದವು. ಆ ಪದ ಮಾತ್ರ ಸರ್ಕಾರದ ಬಾಯಿಂದ ಬರಲಿಲ್ಲ. ಮುಳ್ಳುತಂತಿ ಬಿದ್ದ ದಿನವೇ ಸೋನಾವುಲ್ಲಾನ ಒಬ್ಬಳೇ ಮಗಳು ತಸ್ಲೀಮಾಳ ಮದುವೆ. ಗಂಡಿನ ದಿಬ್ಬಣ ಝೇಲಂ ಸೇತುವೆಯ ಆಚೆ ತುದಿಯಲ್ಲಿ ಸಿಕ್ಕಿಕೊಂಡಿತು.

ಸೇನಾಪತಿ ಸೌಟು ಹಿಡಿದಂತೆಯೇ ಓಣಿ ಓಣಿ ನುಸುಳಿ ಪಾಸ್ ಕೊಡುವ ಸರ್ಕಾರಿ ಕಚೇರಿ ತಲುಪಿದ.

"ಜನಾಬ್, ಕರ್ಫ್ಯೂ ಪಾಸ್ ಬೇಕಿತ್ತು. ಮದುಮಗ, ಜೊತೆಗೆ ನಾಕು ಜನ, ಅಷ್ಟೇ."

ಗುಮಾಸ್ತ ಚಹಾ ಹೀರಿದ. "ಯಾವ ಕರ್ಫ್ಯೂ? ರೇಡಿಯೋದಲ್ಲಿ ಹೇಳಿದ್ರಾ? ಒಂಚೂರು ನಿರ್ಬಂಧ ಇದೆ, ಅಷ್ಟೇ ವಾಜಾ."

"ಹಾಗಾದ್ರೆ ನಿರ್ಬಂಧದ ಪಾಸೇ ಕೊಡಿ."

"ಅಂಥದ್ದು ಅಚ್ಚಾಗಿಲ್ಲ."

"ಮತ್ತೆ ಅವರು ಹಾಗೇ ನಡ್ಕೊಂಡು ಬರಬಹುದಾ?"

"ಬೇಡ ಅಂದವರು ಯಾರು?"

ಬೇಡ ಅಂದವನು ಸೇತುವೆಯ ಮೇಲೆ ಬಂದೂಕು ಹಿಡಿದು ನಿಂತಿದ್ದ.

"ಪಾಸ್ ಎಲ್ಲಿ ಚಾಚಾ?"

"ಕರ್ಫ್ಯೂನೇ ಇಲ್ವಂತೆ ಸಾಹೇಬರೇ. ಕಚೇರೀಲೇ ಹೇಳಿದ್ರು."

"ಹೌದಾ? ಬಹಳ ಸಂತೋಷ. ಹಾಗಾದ್ರೆ ಮದುವೇನ ಕಚೇರೀಲೇ ಮಾಡ್ಕೊ ಹೋಗು."

ಆಚೆ ತುದಿಯಲ್ಲಿ ಮದುಮಗನ ಬಿಳಿ ಪೇಟ ಕಾಣುತ್ತಿತ್ತು. ಸೋನಾವುಲ್ಲಾ ಸೌಟನ್ನು ಎತ್ತಿ ಬೀಸಿದ. ಅತ್ತ ಒಂದು ಕೈ ಮೇಲೆದ್ದಿತು. ಸಂಜೆಯ ಬಾಂಗ್ ಕೇಳಿಸುವ ಹೊತ್ತಿಗೆ ಪೇಟ ಬೆನ್ನು ತಿರುಗಿಸಿ ಗುಂಪಿನಲ್ಲಿ ಕರಗಿಹೋಯಿತು.

ಬೆಂದ ಮಾಂಸ ಸರ್ಕಾರದ ಹೇಳಿಕೆಗೆ ಕಾಯುವುದಿಲ್ಲ. ಓಣಿಯವರೆಲ್ಲ ಹಿತ್ತಲ ಬಾಗಿಲುಗಳಿಂದ ಬಂದು, ಒಂದೊಂದು ತಟ್ಟೆಗೆ ನಾಲ್ವರಂತೆ ಸುತ್ತ ಕೂತರು. ಗೋರಂಟಿಯ ಕೈಯ ತಸ್ಲೀಮಾಳೂ ಹೆಂಗಸರ ಜೊತೆ ತನ್ನದೇ ಮದುವೆಯೂಟಕ್ಕೆ ಕೂತಳು.

"ಗಂಡಿಲ್ಲದ ಮದುವೇನೇ ಸುಖ ಕಣೇ," ಎಂದಳು ಪಕ್ಕದ ಮನೆಯ ಜೂನಾ ಚಿಕ್ಕಮ್ಮ. "ಕೊಂಕು ತೆಗೆಯೋಕೆ ಬೀಗ್ತಿನೇ ಇಲ್ಲ."

ಕೊನೆಗೆ ಗುಶ್ತಾಬಾ ಬಂತು. ಬೆಳಗಿನ ಜಾವದಿಂದ ಸೋನಾವುಲ್ಲಾನೇ ಕುಟ್ಟಿ, ಮೊಸರಿನ ಸಾರಿನಲ್ಲಿ ಬೇಯಿಸಿದ ಮಾಂಸದುಂಡೆ. ತಸ್ಲೀಮಾ ಒಂದು ಚೂರು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು.

"ಬಾಬಾ, ಉಪ್ಪು ಕಮ್ಮಿಯಾಗಿದೆ."

ಸೇನಾಪತಿಗೆ ಆ ಮಾತನ್ನು ಈವರೆಗೆ ಯಾರೂ ಹೇಳಿರಲಿಲ್ಲ. ಸೋನಾವುಲ್ಲಾ ಅವಳ ತಟ್ಟೆಯಿಂದಲೇ ಚೂರು ಮುರಿದು ಬಾಯಿಗೆ ಹಾಕಿಕೊಂಡ. ಉಪ್ಪು ಹದವಾಗಿತ್ತು.

"ಹೌದು ಮಗಳೇ," ಎಂದ. "ಕಮ್ಮಿಯಾಗಿದೆ."