ಪಟ್ಟಿಯಿಂದ ಅಳಿಸಿಹೋದ ಮೊದಲ ಹೆಸರು

“ಎರಡು ಸಲಾನೂ ಎಲ್ಲಾರ್ಗಿಂತ ಮೊದ್ಲು ನಾನೇ ಬಂದು ಬರ್ಸಿದ್ದೀನಿ ಬೇಟಿ. ನನ್ನ ಹೆಸ್ರೇ ಇಲ್ಲ ಅಂದ್ರೆ ಹೆಂಗೆ?” ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ ಶಿವಾಜಿನಗರದ ವೃದ್ಧೆಯೊಬ್ಬರು ನನ್ನ ಮೇಜಿನ ಮುಂದೆ ನಿಂತು ಕೇಳಿದರು.

ಇಂದಿರಾನಗರದ ನಮ್ಮ ಕಚೇರಿಗೆ ಪ್ರತಿ ಕಣ್ಣಿನ ಚಿಕಿತ್ಸಾ ಶಿಬಿರದಿಂದಲೂ ನೋಂದಣಿಯ ಫೈಲ್ ಬರುತ್ತದೆ. ಅದರ ಮೊದಲ ಸಾಲಿನಲ್ಲಿ ‘ಹೆಸರು, ವಯಸ್ಸು, ವಿಳಾಸ’ ಎಂಬ ಶೀರ್ಷಿಕೆ ಇರುತ್ತದೆಂದು, ಆ ಸಾಲನ್ನು ಕಂಪ್ಯೂಟರಿನಲ್ಲಿ ಒಂದು ಕಮಾಂಡ್ ಕೊಟ್ಟು ತೆಗೆದುಹಾಕುವುದು ನನ್ನ ಕೆಲಸ. ಅಂದು ಮೊದಲ ಬಾರಿಗೆ ಎರಡೂ ಸಲದ ಫೈಲುಗಳನ್ನು ತೆರೆದು ನೋಡಿದೆ. ಶಿವಾಜಿನಗರದ ಶಿಬಿರದವರು ಶೀರ್ಷಿಕೆಯನ್ನೇ ಬರೆದಿರಲಿಲ್ಲ. ಎರಡು ಸಲವೂ ನಾನು ಅಳಿಸಿದ್ದು ಮೊದಲ ಸಾಲಿನಲ್ಲಿದ್ದ ಆ ವೃದ್ಧೆಯ ಹೆಸರನ್ನು.

ಕಮಾಂಡ್ ಕಲಿಸಿದ್ದ ಹಿರಿಯ ಸಹೋದ್ಯೋಗಿಗೆ ತಿಳಿಸಿದೆ. ಅವರು ತಲೆಯನ್ನೂ ಎತ್ತಲಿಲ್ಲ. “ಒಂದೇ ಲೈನ್ ತಾನೇ, ಬಿಡ್ರೀ. ನೆಕ್ಸ್ಟ್ ಕ್ಯಾಂಪಿಗೆ ಬರಕ್ಕೇಳಿ.”

“ಆ ಲೈನ್ ಇಲ್ಲೇ ನಿಂತಿದ್ದಾರೆ ಸರ್. ನೀವೇ ಹೇಳಿ,” ಎಂದೆ. ಅವರು ಏಳಲಿಲ್ಲ.

ವೃದ್ಧೆಯ ಹೆಸರನ್ನು ಆಗಲೇ ಪಟ್ಟಿಗೆ ಸೇರಿಸಿದೆ. ಸಿಟ್ಟು ಮಾತ್ರ ಇಂದಿಗೂ ಇಳಿದಿಲ್ಲ. ಅದರಲ್ಲಿ ಹೆಚ್ಚಿನ ಪಾಲು ನನ್ನ ಮೇಲೆಯೇ ಇದೆ. ಪ್ರಶ್ನೆ ಕೇಳಿದರೆ ಏನೂ ತಿಳಿಯದವಳೆಂದುಕೊಂಡಾರೆಂದು ಹೆದರಿ, ಅಷ್ಟು ದಿನ ಒಂದು ಫೈಲನ್ನೂ ತೆರೆದು ನೋಡದಿದ್ದವಳು ನಾನು.