ಹರಿಹರದಿಂದ ಬರುತ್ತಿದ್ದ ಮೇಷ್ಟ್ರು ಹೇಳಿದ ಸಕ್ಕರೆಯ ಪಾಠ

ಮೊನ್ನೆ ಹೆಸರುಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದೆ. ಗಂಟು ಬಿಚ್ಚಿದಾಗ ಮೊಳಕೆಯ ಹಸಿ ವಾಸನೆಯ ಜೊತೆ ಬೆರಳಿಗೆ ಒಂದಿಷ್ಟು ಬಿಸಿ ತಾಗಿತು. ಒಲೆಯ ಹತ್ತಿರ ಇಟ್ಟಿರಲಿಲ್ಲ, ಬಿಸಿಲೂ ಬಿದ್ದಿರಲಿಲ್ಲ. ಆ ಬಿಸಿ ಎಲ್ಲಿಂದ ಬರುತ್ತದೆಂದು ಅರವತ್ತು ವರ್ಷದ ಹಿಂದೆ ತಿಳಿಸಿಕೊಟ್ಟ ವಿಜ್ಞಾನದ ಮೇಷ್ಟ್ರು ನೆನಪಾದರು...

ಆಗ ನಾನು ದಾವಣಗೆರೆಯ ಹೈಸ್ಕೂಲೊಂದರಲ್ಲಿ ಕೊನೆಯ ವರ್ಷ ಓದುತ್ತಿದ್ದೆ. ಅಪ್ಪನಿಗೆ ಹತ್ತಿ ಮಿಲ್ಲಿನಲ್ಲಿ ಕೆಲಸ. ಮೇಷ್ಟ್ರು ದಿನಾ ಹರಿಹರದಿಂದ ರೈಲಿನಲ್ಲಿ ಬರುತ್ತಿದ್ದರು. ಸ್ಟೇಷನ್ನಿನಿಂದ ನಡೆದು ಬರುವಷ್ಟರಲ್ಲೇ ಸೋತಿರುತ್ತಿದ್ದರು. ಕುರ್ಚಿಯಲ್ಲಿ ಕೂತೇ ಪಾಠ, ನಡುನಡುವೆ ಹೂಜಿಯ ನೀರು. ಮಾತಾಡುತ್ತಲೇ ಕಣ್ಣು ಮುಚ್ಚಿಬಿಡುವುದೂ ಇತ್ತು. ಹಿಂದಿನ ಬೆಂಚಿನ ಹುಡುಗಿಯರು ನಾವು ಮುಸಿಮುಸಿ ನಗುತ್ತಿದ್ದೆವು. ನಗುವುದರಲ್ಲಿ ನಾನೇ ಮುಂದು.

ಒಂದು ದಿನ ಎರಡು ಫ್ಲಾಸ್ಕ್ ತಂದರು. ಒಂದಕ್ಕೆ ಮೊಳಕೆ ಬಂದ ಹೆಸರುಕಾಳು, ಇನ್ನೊಂದಕ್ಕೆ ಬೇಯಿಸಿ ಆರಿಸಿದ ಕಾಳು ತುಂಬಿ, ಎರಡರಲ್ಲೂ ಥರ್ಮಾಮೀಟರ್ ಇಳಿಸಿ, ಬಾಯಿಗೆ ಹತ್ತಿ ತುರುಕಿದರು. ಮರುದಿನ ನೋಡಿದರೆ ಮೊಳಕೆಯ ಫ್ಲಾಸ್ಕಿನಲ್ಲಿ ಪಾದರಸ ಮೇಲೇರಿತ್ತು. ಬೆಂದ ಕಾಳಿನದು ಇದ್ದಲ್ಲೇ ಇತ್ತು.

"ಇದರಾಗೆ ಬೆಂಕಿ ಎಲ್ಲೈತೆ ಹೇಳ್ರಮ್ಮ?" ಎಂದರು. ಆಮೇಲೆ ತಾವೇ ಬಿಡಿಸಿ ಹೇಳಿದರು.

"ಉಸಿರಾಟ ಅಂದ್ರೆ ಮೂಗಿಂದು ಅಷ್ಟೇ ಅಲ್ಲ. ಒಳಗೆ ಒಂದೊಂದು ಜೀವಕೋಶನೂ ಉಸಿರಾಡ್ತೈತೆ. ಸಕ್ಕರೆನ ಆಮ್ಲಜನಕದ ಜೊತೆ ಸೇರಿಸಿ ಒಡೀತೈತೆ. ಒಲೆ ಥರ ಒಂದೇ ಸಲ ಧಗ್ ಅಂತ ಅಲ್ಲ, ಹಂತ ಹಂತವಾಗಿ. ಬಂದ ಶಕ್ತಿಯಾಗೆ ಒಂದಿಷ್ಟು ತನ್ನ ಕೆಲಸಕ್ಕೆ ಹಿಡಿದಿಟ್ಕೊಂತೈತೆ, ಉಳಿದದ್ದು ಹಿಂಗೆ ಬಿಸಿಯಾಗಿ ಹೋಗ್ತೈತೆ. ಬೆಂದ ಕಾಳು ಸತ್ತೈತೆ, ಅದಕ್ಕೇ ತಣ್ಣಗೈತೆ."

ನಾನು ಕೊಂಕು ತೆಗೆದೆ. "ಹಂಗಾದ್ರೆ ಊಟ ಮಾಡಿದೋರೂ ಯಾಕೆ ತೂಕಡಿಸ್ತಾರೆ ಸಾರ್?"

ತರಗತಿ ಕಿಸಕ್ಕೆಂದಿತು. ಅವರಿಗೆ ಸಿಟ್ಟು ಬರಲಿಲ್ಲ. "ನನ್ನ ಬಗ್ಗೆ ಕೇಳ್ತಿದ್ದೀಯೇನಮ್ಮ? ನನಗೆ ಸಕ್ಕರೆ ಕಾಯಿಲೆ ಐತೆ. ರಕ್ತದ ತುಂಬ ಸಕ್ಕರೆ ಇದ್ರೂ ಜೀವಕೋಶಕ್ಕೆ ಸರಿಯಾಗಿ ಸಿಗಲ್ಲ. ಇನ್ಸುಲಿನ್ ಸೂಜಿ ಚುಚ್ಕೊಂಡ್ರೆ ಸಿಗ್ತೈತೆ. ಚುಚ್ಕೊಂಡು ಉಣ್ಣದೇ ಇದ್ರೆ ಇದ್ದಬದ್ದ ಸಕ್ಕರೆ ಇಳಿದು ಮಿದುಳೇ ಉಪವಾಸ ಬೀಳ್ತೈತೆ. ಆಗ ಸಕ್ಕರೆನೇ ಕೊಡಬೇಕು."

ಆಮೇಲೆ ನಾನು ತಲೆ ಎತ್ತಲಿಲ್ಲ.

ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಬೆಳಗ್ಗೆ ರೈಲು ಬಹಳ ತಡವಾಯಿತು. ಗಂಟೆ ಹೊಡೆದಾಗಿದ್ದರಿಂದ ಮೇಷ್ಟ್ರು ನೇರ ತರಗತಿಗೇ ಬಂದರು. ಮನೆಯಲ್ಲಿ ಸೂಜಿ ಚುಚ್ಚಿಕೊಂಡು ಬಂದು ಶಾಲೆಯಲ್ಲಿ ತಿನ್ನುತ್ತಿದ್ದ ತಿಂಡಿಯ ಡಬ್ಬಿ ಬಿಚ್ಚದೆ ಮೇಜಿನ ಮೇಲಿತ್ತು. ಬೋರ್ಡಿನ ಮೇಲೆ 'ಆಮ್ಲಜನಕ' ಎಂದು ಬರೆದರು. ಅದರ ಕೆಳಗೆ ಮತ್ತೆ ಅದನ್ನೇ ಬರೆದರು. ಮೂರನೆಯ ಸಲ ಬರೆಯುವಾಗ ಸೀಮೆಸುಣ್ಣ ಕೈಜಾರಿತು. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಏನೋ ತೊದಲುತ್ತ ಗೋಡೆಗೊರಗಿ ಕುಸಿದರು.

ನಾನು ಟೀ ಮಾಡುವ ಕೋಣೆಗೆ ಓಡಿ, ಲೋಟದ ನೀರಿಗೆ ಸಕ್ಕರೆ ಸುರಿದು ಕಲಕಿ ತಂದೆ. ಶಾಲೆಯ ಆಯಾ ನನ್ನ ರಟ್ಟೆ ಹಿಡಿದಳು. "ಬ್ಯಾಡ ಕಣವ್ವ! ಸಕ್ಕರೆ ಕಾಯಿಲೆಯೋರಿಗೆ ಸಕ್ಕರೆನಾ? ಸತ್ತೇ ಹೋಗ್ತಾರೆ!" ಹೆಡ್‌ಮಾಸ್ಟರೂ "ಡಾಕ್ಟರು ಬರ್ಲಿ, ತಡಿ" ಎಂದರು. ನಾನು ಕೇಳಿಸಿಕೊಂಡದ್ದೇ ತಪ್ಪಾಗಿದ್ದರೆ...? ಆದರೂ ರಟ್ಟೆ ಬಿಡಿಸಿಕೊಂಡು ಲೋಟವನ್ನು ಅವರ ತುಟಿಗೆ ಹಿಡಿದೆ. ಇನ್ನೂ ಎಚ್ಚರ ಪೂರ್ತಿ ತಪ್ಪಿರಲಿಲ್ಲ. ಗುಟುಕು ಗುಟುಕಾಗಿ ನುಂಗಿದರು. ಸ್ವಲ್ಪ ಹೊತ್ತಿಗೆ ಕಣ್ಣು ನೆಲೆಗೆ ಬಂತು. ನನ್ನ ಮುಖವನ್ನೇ ನೋಡಿ, "ಪಾಠ ಕೇಳಿಸ್ಕೊಂಡಿದ್ದೀಯಲ್ಲಮ್ಮ" ಎಂದರು.

ಪಾಸಾದ ಸುದ್ದಿ ಹೇಳಲು ಅಪ್ಪನ ಜೊತೆ ಹರಿಹರಕ್ಕೆ ಹೋಗಿದ್ದೆ. ಮೇಷ್ಟ್ರ ಕಾಲಿನಲ್ಲಿ ವಾಸಿಯಾಗದ ಗಾಯ, ಮಂಚದ ಮೇಲೇ ಇದ್ದರು. "ಕಾಲೇಜು ಸೇರಮ್ಮ. ಸೇರಿದ ಮೇಲೆ ಬಂದು ಹೇಳು" ಎಂದರು. ಹೂಂ ಎಂದು ಬಂದೆ. ಆ ಬೇಸಿಗೆಯಲ್ಲೇ ಮದುವೆ ಗೊತ್ತಾಯಿತು. ಸೇರಲಿಲ್ಲವೆಂದು ಯಾವ ಮುಖ ಇಟ್ಟುಕೊಂಡು ಹೇಳುವುದು ಎಂದು ಹೋಗಲೇ ಇಲ್ಲ. ಮೊದಲ ಹೆರಿಗೆಗೆ ತವರಿಗೆ ಬಂದಾಗ ಅಮ್ಮ ಹೇಳಿದಳು, ಮೇಷ್ಟ್ರ ಕಾಲು ತೆಗೆದರಂತೆ, ಆಮೇಲೆ ಹೆಚ್ಚು ದಿನ ಉಳಿಯಲಿಲ್ಲವಂತೆ. ಹರಿಹರ ಏನು ದೂರ...

ಈಗ ದಾವಣಗೆರೆಯಲ್ಲೇ, ಎಸ್.ಎಸ್. ಬಡಾವಣೆಯಲ್ಲಿ ಮಗಳ ಮನೆಯಲ್ಲಿದ್ದೇನೆ. ನಾಲ್ಕು ಮೆಟ್ಟಿಲು ಹತ್ತಿದರೆ ಕೂರಬೇಕೆನಿಸುತ್ತದೆ. ಕೂತರೆ ಏಳಲು ಮನಸ್ಸಾಗುವುದಿಲ್ಲ. ಇಷ್ಟು ಆಯಾಸ ಹೊತ್ತುಕೊಂಡು, ನಗುವವರ ಎದುರಿಗೆ, ದಿನಾ ಹೇಗೆ ಬರುತ್ತಿದ್ದಿರಿ ಸಾರ್ ಎಂದು ಈಗ ಕೇಳಬೇಕೆನಿಸುತ್ತದೆ. ಕೇಳಬೇಕಾದ ಹೊತ್ತಿನಲ್ಲಿ ನಾನು ನಗುತ್ತಿದ್ದೆ.